ತಕರಾರಿನ ಆಸಾಮಿ

"ಈ ಆಸ್ತಿಯ ಮೇಲೆ ಯಾವ ತಂಟೆ ತಕರಾರುಗಳೂ ಇರುವುದಿಲ್ಲ. ಮುಂದೆ ಹಾಗೇನಾದರೂ ಉಂಟಾದಲ್ಲಿ ನನ್ನ ಸ್ವಂತ ಖರ್ಚಿನಲ್ಲಿ ಪರಿಹರಿಸಿ ಕೊಡತಕ್ಕದ್ದು."

ಕಾಸರಗೋಡಿನ ಹಳೆಯ ಕನ್ನಡ ಆಧಾರಗಳಲ್ಲಿ ಈ ಮಾತು ಇಲ್ಲದ್ದು ಅಪರೂಪ. ಆಧಾರ ಅಂದರೆ ನಮ್ಮ ಕಡೆ ಆಸ್ತಿಪತ್ರ. ಜೇಬಿನಲ್ಲಿಟ್ಟುಕೊಳ್ಳುವ ಕಾರ್ಡಲ್ಲ. ಮಲಯಾಳದಿಂದ ಬಂದ ಬಳಕೆ ಅದು, ಈಗ ಕನ್ನಡದವರ ಬಾಯಲ್ಲೂ ಅದೇ. ಇಂಥ ಹಳೆಯ ಕಾಗದಗಳನ್ನು ಓದಿ ಮಲಯಾಳಕ್ಕೆ ತಂದುಕೊಡುವುದು ನನ್ನ ಹೊಟ್ಟೆಪಾಡು. 1956ರ ನವೆಂಬರ್ 1ರ ತನಕ ನಾವು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಅಲ್ಲಿಂದೀಚೆಗೆ ಕೇರಳದವರು. ಜಾಗ ಅಲ್ಲೇ ಇದೆ, ತೋಡು ಅಲ್ಲೇ ಹರಿಯುತ್ತಿದೆ, ಕಾಗದದ ಭಾಷೆ ಮಾತ್ರ ಬದಲಾಗಿದೆ. ಅಜ್ಜನ ಕಾಲದ ಕನ್ನಡ ಆಧಾರವನ್ನು ಓದಲಾಗದ ಮೊಮ್ಮಕ್ಕಳು ಜಾಗ ಮಾರುವಾಗ ನನ್ನ ಹತ್ತಿರ ಬರುತ್ತಾರೆ.

ಈ ಕೆಲಸದಲ್ಲಿ ಒಂದು ಚಟ ಹತ್ತಿಕೊಂಡಿದೆ. ಶಬ್ದಗಳ ಬೆನ್ನು ಹತ್ತುವ ಚಟ. ಅದರಲ್ಲೂ ಜಗಳದ ಶಬ್ದಗಳು. ಆಸ್ತಿ ಇದ್ದಲ್ಲಿ ಜಗಳ ಇದ್ದೇ ಇರುತ್ತದಲ್ವಾ, ಹಾಗಾಗಿ ನನಗೆ ಅವುಗಳ ಕೊರತೆ ಎಂದೂ ಆಗಿಲ್ಲ.

ಮೊದಲು ತಂಟೆ. ಇದು ಮರಾಠಿಯ ತಂಟಾ. ಅಲ್ಲಿ ಅದಕ್ಕೆ ನೇರವಾಗಿ ಜಗಳ, ವ್ಯಾಜ್ಯ ಅಂತಲೇ ಅರ್ಥ. ಮಹಾರಾಷ್ಟ್ರ ಸರಕಾರ 2007ರಲ್ಲಿ ಹಳ್ಳಿಯ ವ್ಯಾಜ್ಯಗಳನ್ನು ಹಳ್ಳಿಯಲ್ಲೇ ಮುಗಿಸಬೇಕು ಅಂತ ಒಂದು ಅಭಿಯಾನ ಶುರು ಮಾಡಿತು. ಅದರ ಹೆಸರೇ ತಂಟಾಮುಕ್ತ ಗಾಂವ್. ಕನ್ನಡಕ್ಕೆ ಬಂದ ಮೇಲೆ ತಂಟೆ ಸ್ವಲ್ಪ ಮೆತ್ತಗಾಯಿತು. "ಅವನ ತಂಟೆಗೆ ಹೋಗಬೇಡ" ಅನ್ನುತ್ತೇವೆ, "ಭಾರೀ ತಂಟೆ ಮಗು" ಅನ್ನುತ್ತೇವೆ. ಕೋರ್ಟಿಗೆ ಹೋಗುವ ಜಗಳ ಹೋಗಿ ಬಾಳೆಗಿಡ ಮುರಿಯುವ ಮಗುವಿನ ಕಿತಾಪತಿಯಾಯಿತು.

ಆದರೆ ನನ್ನನ್ನು ಬಹಳ ದಿನ ಕಾಡಿದ್ದು ತಕರಾರು.

ಇದರ ಮೂಲ ಅರಬ್ಬಿಯ ತಕ್ರಾರ್. ಅದಕ್ಕೆ ಅಲ್ಲಿ ಜಗಳ ಎಂಬ ಅರ್ಥವೇ ಇಲ್ಲ. ಪುನರಾವರ್ತನೆ, ಅಂದರೆ ಹೇಳಿದ್ದನ್ನೇ ಮತ್ತೆ ಹೇಳುವುದು, ಅಷ್ಟೇ. ಪಾರಸಿಯ ಮೂಲಕ ಉರ್ದು, ಹಿಂದಿಗೆ ಬರುವಾಗ ಅದಕ್ಕೆ ಇನ್ನೊಂದು ಅರ್ಥ ಅಂಟಿಕೊಂಡಿತು: ಮಾತಿಗೆ ಮಾತು, ವಾಗ್ವಾದ. ಉರ್ದುವಿನಲ್ಲಿ ಈಗಲೂ ಎರಡೂ ಅರ್ಥ ಜೀವಂತ. ನಮಗೆ ತಲುಪಿದ್ದು ಎರಡನೆಯದು ಮಾತ್ರ. ಮೊದಲನೆಯದು ದಾರಿಯಲ್ಲೆಲ್ಲೋ ಉದುರಿಹೋಯಿತು.

ಯಾರು ಈ ಅರ್ಥ ಕೊಟ್ಟರೋ, ಜಗಳವನ್ನು ಹತ್ತಿರದಿಂದ ನೋಡಿದವರೇ ಇರಬೇಕು. ಜಗಳದಲ್ಲಿ ಹೊಸ ಮಾತು ಎಷ್ಟಿರುತ್ತದೆ ಹೇಳಿ? ಮೊದಲ ಸಲದ ಜಗಳದಲ್ಲಿ ಒಂದೆರಡು ಇರಬಹುದು. ಆಮೇಲೆಲ್ಲ ಹಳೆಯದೇ. ನಮ್ಮ ಮನೆಯಲ್ಲೇ ಇದನ್ನು ನೋಡಿ ಬೆಳೆದವನು ನಾನು.

ನಮ್ಮ ಅಪ್ಪ ಮತ್ತು ದೊಡ್ಡಪ್ಪನ ಅಡಿಕೆ ತೋಟಗಳ ನಡುವೆ ಒಂದು ದರೆ ಇತ್ತು. ದರೆ ಅಂದರೆ ಮುರಕಲ್ಲು ಮಣ್ಣಿನ ಎತ್ತರದ ಅಂಚು. ಮೇಲಿನ ತೋಟ ದೊಡ್ಡಪ್ಪನದು, ಕೆಳಗಿನದು ನಮ್ಮದು. ದರೆಯ ಮಧ್ಯಭಾಗದಲ್ಲಿ ಒಂದು ಅಡಿಕೆ ಮರ. ಯಾರೂ ನೆಟ್ಟದ್ದಲ್ಲ, ತಾನಾಗಿ ಹುಟ್ಟಿದ್ದು. ಬುಡ ದರೆಯಲ್ಲಿ, ತಲೆ ನಮ್ಮ ಕಡೆಗೆ ವಾಲಿದ್ದು. ಹಾಗಾಗಿ ಅಡಿಕೆ ಬೀಳುವುದು ನಮ್ಮಲ್ಲಿ, ಹಾಳೆ ಬೀಳುವುದು ನಮ್ಮಲ್ಲಿ. ಪಾಲುಪಟ್ಟಿಯಲ್ಲಿ ಗಡಿ ಬರೆದದ್ದು "ದರೆಯ ವರೆಗೆ" ಅಂತ. ದರೆಯ ನೆತ್ತಿಯ ವರೆಗೋ ಅಡಿಯ ವರೆಗೋ ಬರೆದವರು ಹೇಳಲಿಲ್ಲ. ಆ ಒಂದು ಶಬ್ದ ಬಿಟ್ಟುಹೋದದ್ದಕ್ಕೆ ಎರಡು ಮನೆಯವರು ಪಟ್ಟ ಪಾಡು ಅಷ್ಟಿಷ್ಟಲ್ಲ.

ಗೊನೆ ಹಣ್ಣಾಗುವ ಹೊತ್ತಿಗೆ ದೊಡ್ಡಪ್ಪ ದರೆಯ ಮೇಲೆ ಬಂದು ನಿಲ್ಲುತ್ತಿದ್ದರು. ಹೆಗಲ ಮೇಲೆ ಬೈರಾಸು. ಕೈಯಲ್ಲಿ ಕತ್ತಿ ಇರುತ್ತಿತ್ತು, ಆದರೆ ಅದು ಹುಲ್ಲು ಕೊಯ್ಯುವ ಕತ್ತಿ, ಹೆದರುವಂಥದ್ದೇನಲ್ಲ. ಮೊದಲ ಮಾತು ಯಾವಾಗಲೂ ಒಂದೇ: "ದರೆ ಯಾರದ್ದು ಹೇಳು ನೋಡುವಾ." ಅಪ್ಪ ತಲೆ ಎತ್ತದೆ, "ಅದು ನೆತ್ತಿಯವನಿಗೂ ಇಲ್ಲ, ಅಡಿಯವನಿಗೂ ಇಲ್ಲ, ಕಟ್ಟಿದವನದ್ದು" ಅನ್ನುತ್ತಿದ್ದರು. "ಕಟ್ಟಿದ್ದು ನನ್ನ ಅಪ್ಪ." "ನನಗೆ ಅವರು ಮಾವನಾ?" ಇಲ್ಲಿಗೆ ಬರುವಾಗ ಅಮ್ಮ ಒಳಗಿನಿಂದಲೇ, "ಈಗ ದೇವಸ್ಥಾನದ ಆಣೆ ಬರ್ತದೆ ನೋಡು" ಅನ್ನುತ್ತಿದ್ದಳು. ಬರುತ್ತಿತ್ತು. ದೊಡ್ಡಪ್ಪ ಮಧೂರು ಗಣಪತಿಯ ಆಣೆ ಹಾಕುತ್ತಿದ್ದರು. ಅಪ್ಪ ಅದೇ ಗಣಪತಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ನಾವು ಮಕ್ಕಳು ಜಗಲಿಯಲ್ಲಿ ಕೂತು ಮುಂದಿನ ಮಾತನ್ನು ಅವರಿಗಿಂತ ಮೊದಲೇ ಪಿಸುಗುಡುತ್ತಿದ್ದೆವು. ತಪ್ಪಿದ್ದೇ ಇಲ್ಲ.

ಇದು ತಕ್ರಾರ್ ಅಲ್ಲದೆ ಮತ್ತೇನು? ಅರಬ್ಬಿಯವನು ದರೆ ನೋಡಿರಲಿಕ್ಕಿಲ್ಲ, ಅಡಿಕೆ ಮರವನ್ನೂ ನೋಡಿರಲಿಕ್ಕಿಲ್ಲ. ಶಬ್ದ ಮಾತ್ರ ಅಳತೆ ತೆಗೆದು ಹೊಲಿದ ಹಾಗೆ ಕೂರುತ್ತದೆ.

ದೊಡ್ಡಪ್ಪನಿಗೆ ಊರಿನವರು ಇಟ್ಟ ಹೆಸರೇ ಈ ಬರಹದ ತಲೆಬರಹ. "ಅವರಾ? ತಕರಾರಿನ ಆಸಾಮಿ ಮಾರಾಯ, ಹುಷಾರು." ಆಸಾಮಿಯನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಅದೂ ಅರಬ್ಬಿಯದ್ದೇ. ಇಸ್ಮ್ ಅಂದರೆ ಹೆಸರು, ಅದರ ಬಹುವಚನ ಅಸಾಮೀ. ಹೆಸರುಗಳು ಅಂತ ಅರ್ಥ. ಕಂದಾಯದ ಲೆಕ್ಕ ಬರೆಯುವವರ ಪುಸ್ತಕದಲ್ಲಿ ಸಾಲಾಗಿ ಹೆಸರುಗಳಿದ್ದವು: ಇಂಥವನ ಹೆಸರಿನಲ್ಲಿ ಇಷ್ಟು ಭೂಮಿ, ಇಷ್ಟು ತೀರ್ವೆ, ಅಂದರೆ ಭೂಕಂದಾಯ. ಹೆಸರು ಹೋಗಿ ಹೆಸರಿನವನೇ ಆಸಾಮಿಯಾದ. ಒಕ್ಕಲು, ಗೇಣಿದಾರ, ಬಾಕಿದಾರ. ಬಂಗಾಳಿಯಲ್ಲಿ ಆಸಾಮಿ ಅಂದರೆ ಆರೋಪಿ! ಕನ್ನಡದಲ್ಲಿ ಸದ್ಯ ಅಷ್ಟು ದೂರ ಹೋಗಲಿಲ್ಲ, "ಎಂಥ ಆಸಾಮಿ ಇವನು" ಎಂಬಲ್ಲಿಗೆ ನಿಂತಿತು. ಕೇರಳದ ವಿಲೇಜ್ ಆಫೀಸಿನಲ್ಲಿ ಈಗಲೂ ತೀರ್ವೆಯ ಲೆಕ್ಕಕ್ಕೆ ತಂಡಪೇರ್ ನಂಬರ್ ಅನ್ನುತ್ತಾರೆ. ಅದರೊಳಗೂ ಪೇರ್, ಅಂದರೆ ಹೆಸರು, ಕೂತಿದೆ. ಸರಕಾರದ ಕಣ್ಣಿಗೆ ಮನುಷ್ಯ ಬೀಳುವುದು ಬಾಕಿ ಇದ್ದಾಗ ಅಂತ ಕಾಣುತ್ತದೆ.

ಬಾಕಿ ಅಂದಾಗ ತಗಾದೆ ನೆನಪಾಯಿತು. ಅದರ ಮೂಲದಲ್ಲಿ ಜಗಳವಿಲ್ಲ. ಕೊಡಬೇಕಾದದ್ದನ್ನು ಕೊಡು ಅಂತ ಕೇಳುವುದು, ಅಷ್ಟೇ. ಫಿರ್ಯಾದು ಪಾರಸಿಯಲ್ಲಿ ಮೊರೆ, ಗೋಳು. ದಾವೆ ಅಂದರೆ ಇದು ನನ್ನದು ಅನ್ನುವುದು. ವ್ಯಾಜ್ಯದ ಹಿಂದೆ ಸಂಸ್ಕೃತದ ವ್ಯಾಜ ಇದೆ, ನೆಪ ಅಂತ ಅರ್ಥ. ಇವುಗಳಲ್ಲಿ ಒಂದಕ್ಕೂ ಹುಟ್ಟುವಾಗ ಹೊಡೆದಾಟದ ವಾಸನೆ ಇರಲಿಲ್ಲ. ಮತ್ತೆ ಹೇಳಿದವನು, ಬಾಕಿ ಕೇಳಿದವನು, ಅತ್ತವನು, ನನ್ನದು ಅಂದವನು. ಎಲ್ಲರೂ ಕೊನೆಗೆ ಬಂದು ಬಿದ್ದದ್ದು ಜಗಳಗಂಟರ ಬುಟ್ಟಿಗೆ.

ಇದು ಸುಮ್ನೆ ಆದದ್ದಲ್ಲ ಅಂತ ನನ್ನ ಗುಮಾನಿ. ಜಗಳಗಂಟ ಅಂತ ಯಾರೂ ತನ್ನನ್ನು ತಾನು ಕರೆದುಕೊಳ್ಳುವುದಿಲ್ಲ. ಅದು ಎದುರಿಗಿದ್ದವರು ಇಡುವ ಹೆಸರು. ಸಾಲ ಕೊಟ್ಟವನ ಕಡೆಯಿಂದ ನೋಡಿದರೆ ತಗಾದೆ ನ್ಯಾಯ. ಸಾಲ ತೆಗೆದವನ ಜಗಲಿಯಲ್ಲಿ ಕೂತು ಕೇಳಿದರೆ ಅದು ಕಿರಿಕಿರಿ. ಶಬ್ದದ ಅರ್ಥ ಬರೆಯುವ ಹೊತ್ತಿಗೆ ಯಾರ ಜಗಲಿಯಲ್ಲಿ ಜನ ಜಾಸ್ತಿ ಕೂತಿದ್ದರು ಅನ್ನುವುದು ಮುಖ್ಯವಾಗುತ್ತದೆ.

ತಂಟೆಕೋರ, ಲಂಚಕೋರ, ಚಾಡಿಕೋರ, ದಂಗೆಕೋರ. ಈ ಕೋರ ಪಾರಸಿಯ ಖೋರ್, ತಿನ್ನುವವನು. ಲಂಚಕೋರ ಲಂಚ ತಿನ್ನುತ್ತಾನೆ, ಸರಿಯೇ, ನಾವೂ ಲಂಚ ತಿನ್ನುವುದು ಅಂತಲೇ ಹೇಳುವುದು. ತಂಟೆಕೋರನಿಗೆ ತಂಟೆಯೇ ಊಟ. ಇಂಥವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಮಧ್ಯಾಹ್ನದ ಊಟಕ್ಕಿಂತ ಮುಂಚೆ ಯಾರ ಹತ್ತಿರವಾದರೂ ಮಾತು ಬೆಳೆಸದಿದ್ದರೆ ಹಸಿವೆ ಆಗದವರು. ದೊಡ್ಡಪ್ಪ ಆ ಜಾತಿಯಲ್ಲ ಅಂತ ಪೂರ್ತಿ ಹೇಳಲು ನನಗೆ ಧೈರ್ಯವಿಲ್ಲ.

ಹೆಂಗಸರಿಗೆ ಇಟ್ಟ ಹೆಸರುಗಳದ್ದೇ ಬೇರೆ ಕತೆ. ಜಗಳಗಂಟನಿಗೆ ಜಗಳಗಂಟಿ ಇದ್ದಾಳೆ. ಗಯ್ಯಾಳಿಗೆ ಗಂಡು ಜೋಡಿ ಎಲ್ಲಿ? ತೆಲುಗಿನಲ್ಲೂ ಗಯ್ಯಾಳಿ ಇದ್ದಾಳೆ, ಅಲ್ಲೂ ಹೆಂಗಸೇ. ಬಜಾರಿಗೂ ಗಂಡುರೂಪ ಇಲ್ಲ. ಬಜಾರಿ ಅಂದರೆ ಬಜಾರಿನವಳು, ಅಷ್ಟೇ. ಪೇಟೆಯಲ್ಲಿ ಕೂತು ವ್ಯಾಪಾರ ಮಾಡುವವಳು, ನಾಲ್ಕು ಜನರ ಎದುರು ದನಿ ಎತ್ತುವವಳು. ಗಂಡಸು ಪೇಟೆಯಲ್ಲಿ ಕೂತರೆ ವ್ಯಾಪಾರಿ, ಹೆಂಗಸು ಕೂತರೆ ಬಜಾರಿ.

ನನ್ನ ಮೇಜಿಗೆ ಬರುವ ಹಕ್ಕುಬಿಡುಗಡೆ ಪತ್ರಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಮಲಯಾಳದಲ್ಲಿ ಇದಕ್ಕೆ ಒೞಿಮುರಿ ಅನ್ನುತ್ತಾರೆ. ಅಕ್ಕ ತಂಗಿಯರು ಬಂದು ಅಣ್ಣ ತಮ್ಮಂದಿರಿಗೆ ತಮ್ಮ ಪಾಲು ಬಿಟ್ಟುಕೊಟ್ಟು ರುಜು ಹಾಕಿ ಹೋಗುತ್ತಾರೆ. ಎಲ್ಲೋ ಒಬ್ಬಳು, "ನಾನು ಓದಿ ನೋಡ್ತೇನೆ" ಅನ್ನುತ್ತಾಳೆ. ಅಷ್ಟು ಸಾಕು. ಅಣ್ಣನ ಮುಖ ಕೆಂಪಾಗುತ್ತದೆ, ಅತ್ತಿಗೆ ಕಿಟಕಿಯ ಹೊರಗೆ ನೋಡುತ್ತಾಳೆ, ಹೊರಗೆ ಹೋದ ಮೇಲೆ ಆ ಶಬ್ದ ಬರುತ್ತದೆ. ತಮಾಷೆ ಏನೆಂದರೆ, ಇದೇ ಊರಿನ ಅಳಿಯಸಂತಾನದ ಮನೆಗಳಲ್ಲಿ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆಗಳಲ್ಲಿ, ಕುಟುಂಬದ ತಾಯಿಬೇರೇ ಹೆಂಗಸು. ಕವರು, ಅಂದರೆ ಕುಟುಂಬದ ಕವಲು, ಲೆಕ್ಕ ಹಾಕುವುದೇ ಅವಳಿಂದ. 1949ರ ಅಳಿಯಸಂತಾನ ಕಾಯಿದೆ ಬಂದ ಮೇಲೆ ಪಾಲು ಕೇಳುವ ದಾರಿ ತೆರೆಯಿತು. ಆಗಿನ ಪಾಲುಪಟ್ಟಿಗಳಲ್ಲಿ ಹೆಂಗಸರ ಹೆಸರೇ ಮೊದಲು ಬರುತ್ತವೆ, ಗತ್ತಿನಿಂದ. ಅವರನ್ನು ಯಾರೂ ಬಜಾರಿ ಅಂದಿರಲಿಕ್ಕಿಲ್ಲ, ಅಂದಿದ್ದರೂ ಎದುರಿಗಂತೂ ಅಲ್ಲ. ಕೇರಳದಲ್ಲಿ ಹಿಂದೂ ಕೂಡುಕುಟುಂಬದ ಪದ್ಧತಿಯನ್ನೇ 1976ರಿಂದ ತೆಗೆದುಹಾಕಿದರು. ಶಬ್ದ ತೆಗೆದುಹಾಕುವ ಕಾಯಿದೆ ಮಾತ್ರ ಎಲ್ಲೂ ಇಲ್ಲ.

ಇನ್ನು ಮಲಯಾಳ. ಗಡಿಯಲ್ಲಿ ಇರುವುದರ ಲಾಭ ಇದು, ಒಂದು ಜಗಳಕ್ಕೆ ಐದಾರು ಭಾಷೆಗಳ ಹೆಸರು ಸಿಗುತ್ತದೆ. ತುಳುವಿನವರು ಲಡಾಯಿ ಅನ್ನುತ್ತಾರೆ, ಕನ್ನಡದವರೂ ಇಲ್ಲಿ ಅದನ್ನೇ ಜಾಸ್ತಿ ಹೇಳುವುದು. ಎದುರುತ್ತರ ಕೊಡುವ ಮಗನಿಗೆ ಅಮ್ಮ, "ಚರ್ಚೆ ಮಾಡಬೇಡ" ಅಂತ ಗದರುತ್ತಾಳೆ. ಬೆಂಗಳೂರಿನಿಂದ ಬಂದ ಸೊಸೆಗೆ ಇದು ಅರ್ಥವಾಗುವುದಿಲ್ಲ. ಚರ್ಚೆ ಒಳ್ಳೆಯದಲ್ವಾ ಅತ್ತೆ ಅಂತ ಕೇಳುತ್ತಾಳೆ. ಅದೂ ಒಂದು ಚರ್ಚೆಯಾಗುತ್ತದೆ.

ಬಸ್‌ಸ್ಟಾಂಡಿನ ಪೇಪರ್ ಅಂಗಡಿಯಲ್ಲಿ ಎರಡೂ ಭಾಷೆಯ ಪತ್ರಿಕೆ ಪಕ್ಕಪಕ್ಕ ನೇತಾಡುತ್ತವೆ. ಎರಡೂ ಲಿಪಿ ಬಲ್ಲವನಿಗೆ ಒಂದೊಂದು ದಿನ ತಲೆ ತಿರುಗುತ್ತದೆ. ಕನ್ನಡದಲ್ಲಿ ಸದನದ ಕಲಾಪ ಅಂದರೆ ವಿಧಾನಸಭೆಯ ನಡಾವಳಿ. ಮಲಯಾಳದಲ್ಲಿ ಕಲಾಪಂ ಅಂದರೆ ಗಲಭೆ, ದಂಗೆ. 1921ರ ಮಲಬಾರ್ ದಂಗೆಗೆ ಅವರು ಮಲಬಾರ್ ಕಲಾಪಂ ಅನ್ನುತ್ತಾರೆ. ವಿಧಾನಸಭೆಯ ನೇರಪ್ರಸಾರ ನೋಡಿದ ಮೇಲೆ ಎರಡೂ ಅರ್ಥ ಒಂದೇ ಕಡೆ ಸೇರಿದ್ದು ಕಂಡು ನಕ್ಕವರಿದ್ದಾರೆ. ಹಾಗೆಯೇ ಸಮರ. ಕನ್ನಡದವನಿಗೆ ಅದು ಯುದ್ಧ, ಕುರುಕ್ಷೇತ್ರ. ಮಲಯಾಳದಲ್ಲಿ ಕೆಂಪು ಬ್ಯಾನರಿನ ಸಮರಂ ಅಂದರೆ ಮುಷ್ಕರ, ಧರಣಿ. ಕಚೇರಿಯ ಗೇಟಿನ ಮುಂದೆ ಕುರ್ಚಿ ಹಾಕಿ ಕೂತು ಚಹಾ ಕುಡಿಯುತ್ತ ನಡೆಸುವ ಯುದ್ಧ.

ಜಗಳಕ್ಕೆ ಮಲಯಾಳದಲ್ಲಿ ಜೋಡಿ ಮಾತೊಂದಿದೆ, ನಮ್ಮ ತಂಟೆ ತಕರಾರಿನ ಹಾಗೆ: ವಳಕ್ಕುಂ ವಕ್ಕಾಣವುಂ. ಎರಡನೆಯದನ್ನು ಮೊದಲು ಹೇಳುತ್ತೇನೆ. ವಕ್ಕಾಣ ಬೇರೆ ಏನೂ ಅಲ್ಲ, ಸಂಸ್ಕೃತದ ವ್ಯಾಖ್ಯಾನ ಸವೆದು ಆದದ್ದು. ಹಳಗನ್ನಡದವರೂ ವ್ಯಾಖ್ಯಾನವನ್ನು ವಕ್ಖಾಣ ಮಾಡಿಕೊಂಡಿದ್ದರು, ಆದರೆ ಅವರಲ್ಲಿ ಅದು ವಿವರಿಸುವುದಾಗಿಯೇ ಉಳಿಯಿತು. ಮಲಯಾಳದಲ್ಲಿ ವಿವರಣೆ ಜಗಳವಾಯಿತು. ಇಬ್ಬರು ಪಂಡಿತರು ಒಂದೇ ಶ್ಲೋಕ ವಿವರಿಸಲು ಕೂತದ್ದನ್ನು ಕಿಟಕಿಯಿಂದ ಯಾರೋ ನೋಡಿರಬೇಕು!

ಇದರಲ್ಲಿ ನನಗೆ ಆಶ್ಚರ್ಯವೇನೂ ಇಲ್ಲ. ಯಾಕೆಂದರೆ ನಮ್ಮೂರಿನಲ್ಲಿ ವ್ಯಾಖ್ಯಾನವನ್ನೇ ಜಗಳ ಮಾಡಿ ರಾತ್ರಿಯಿಡೀ ಕೇಳುವ ಪದ್ಧತಿ ಇದೆ. ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಮದ್ದಳೆ ನಿಂತ ಮೇಲೆ ಅರ್ಥಧಾರಿ ಅದಕ್ಕೆ ಅರ್ಥ ಹೇಳುತ್ತಾನೆ. ಎದುರು ಕೂತವನು ಆ ಅರ್ಥವನ್ನು ಒಡೆಯುತ್ತಾನೆ. ಕೃಷ್ಣಸಂಧಾನ, ಅಂಗದಸಂಧಾನ, ಹೆಸರೆಲ್ಲ ಸಂಧಾನ, ಒಳಗೆ ನಡೆಯುವುದು ಜಗಳ. ನಮ್ಮ ಕಡೆಯವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ, ರಾವಣ, ಮಾಗಧ ಕೇಳಿದವರು ಈಗಲೂ ಅದರ ಮಾತು ತೆಗೆದರೆ ನಿಲ್ಲಿಸುವುದಿಲ್ಲ. ವಾಲಿಗೆ ಬಾಣ ತಾಗಿ ಆಗಿದೆ. ಸಾಯುವುದೊಂದೇ ಬಾಕಿ. ಆದರೂ ಅವನು ಬಿಡುವುದಿಲ್ಲ: ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ? ರಾಮ ಒಂದು ಉತ್ತರ ಕೊಡುತ್ತಾನೆ. ವಾಲಿ ಮತ್ತೆ ಅದೇ ಕೇಳುತ್ತಾನೆ, ಬೇರೆ ಕಡೆಯಿಂದ. ಅದೇ ಪ್ರಶ್ನೆ, ಅದೇ ಮರ, ಅದೇ ಬಾಣ. ಸಭೆಯಲ್ಲಿ ಒಬ್ಬರೂ ಏಳುವುದಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಈ ಗಾದೆ ಕಟ್ಟಿದವರು ತಾಳಮದ್ದಳೆಗೆ ಬಂದವರಲ್ಲ. ಮಾತು ಬಲ್ಲವನಿಗಲ್ಲದೆ ಮತ್ಯಾರಿಗೆ ಬರುತ್ತದೆ ಜಗಳ? ಮಾತು ಬಾರದವನು ಕೈ ಎತ್ತುತ್ತಾನೆ, ಅಷ್ಟೆ. ಕನ್ನಡದಲ್ಲಿ ನೋಡಿ, ಕಚ್ಚಾಟ, ಕಿತ್ತಾಟ, ಗುದ್ದಾಟ, ಬಡಿದಾಟ, ಎಲ್ಲದರ ಬಾಲದಲ್ಲೂ ಆಟ ಇದೆ. ನಮ್ಮಲ್ಲಿ ಬರೇ ಆಟ ಅಂದರೆ ಯಕ್ಷಗಾನ.

ಕಾಲು ಕೆರೆದು ಜಗಳಕ್ಕೆ ಬರುವುದು ಅನ್ನುತ್ತೇವಲ್ಲ, ಅದನ್ನು ಕಣ್ಣಾರೆ ನೋಡಬೇಕಿದ್ದರೆ ಕೋಳಿಅಂಕಕ್ಕೆ ಹೋಗಬೇಕು. ತುಳುವಿನ ಕೋರಿಕಟ್ಟ. ಬಿಡುವ ಮೊದಲು ಹುಂಜ ನೆಲ ಕೆರೆಯುವುದು ಎದುರಾಳಿಗೆ ಏಟು ಹಾಕಲಿಕ್ಕಲ್ಲ, ನಾನಿದ್ದೇನೆ ಅಂತ ತೋರಿಸಲಿಕ್ಕೆ. ಪೊಲೀಸರು ಬಂದರೆ ಹುಂಜವೂ ಇಲ್ಲ, ಜನವೂ ಇಲ್ಲ, ಕೆರೆದ ಗುರುತು ಮಾತ್ರ.

ಜಗಳ ಮುಗಿಸುವುದಕ್ಕೂ ನಮ್ಮಲ್ಲಿ ದಾರಿಯಿದೆ. ದೊಡ್ಡಪ್ಪನ ಕೊನೆಯ ಅಸ್ತ್ರ, "ಕಾನತ್ತೂರಿಗೆ ಹೇಳ್ತೇನೆ." ಕಾನತ್ತೂರಿನ ನಾಲ್ವರ್ ದೈವಗಳ ಹೆಸರು ಹೇಳಿದರೆ ಕಾಸರಗೋಡಿನಲ್ಲಿ ಮಾತ್ರವಲ್ಲ, ಮಂಗಳೂರು ಪುತ್ತೂರು ಕಡೆಯಲ್ಲೂ ಜನ ಸುಮ್ಮನಾಗುತ್ತಾರೆ. ಕೋರ್ಟಿನಲ್ಲಿ ಮುಗಿಯದ ಆಸ್ತಿ ಜಗಳ, ಸಾಲದ ಜಗಳ ಅಲ್ಲಿಗೆ ಹೋಗುತ್ತವೆ. ದೂರು ಕೊಟ್ಟರೆ ಎದುರು ಕಡೆಯವರಿಗೂ ಕರೆ ಹೋಗುತ್ತದೆ, ಇಬ್ಬರೂ ಬರಬೇಕು. ವಕೀಲರಿಲ್ಲ. ಸುಳ್ಳು ಹೇಳಲು ಹೆದರಿಕೆ. ಅಪ್ಪ ಮತ್ತು ದೊಡ್ಡಪ್ಪ ಅಲ್ಲಿಗೆ ಹೋಗಲೇ ಇಲ್ಲ. ಹೋದರೆ ಮುಗಿದುಬಿಡುತ್ತದೆ ಎಂಬ ಭಯ ಇಬ್ಬರಿಗೂ ಇತ್ತು ಅಂತ ಅಮ್ಮ ಹೇಳುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಈ ಕತೆಗೆ ಇನ್ನೊಂದು ಮಗ್ಗುಲೂ ಉಂಟು. ಆ ಒಂದು ಮರಕ್ಕಾಗಿ ನಮ್ಮ ಅಕ್ಕನ ಮದುವೆಗೆ ದೊಡ್ಡಪ್ಪ ಬರಲಿಲ್ಲ. ದೊಡ್ಡಮ್ಮ ಹಿಂದಿನ ಬಾಗಿಲಿನಿಂದ ಬಂದು, ಪಾಯಸ ಬಡಿಸುವ ಮೊದಲೇ ಎದ್ದುಹೋದಳು. ತಕರಾರಿನ ಹಿಂದೆ ನ್ಯಾಯ ಇರಬಹುದು. ಅದರ ತೀರ್ವೆ ಕಟ್ಟುವುದು ಹೆಚ್ಚಾಗಿ ಬೇರೆಯವರು.

ಈಗ ಮಲಯಾಳದ ಆ ಜೋಡಿಯಲ್ಲಿ ಮೊದಲನೆಯದು, ವಳಕ್ಕ್. ಮಧ್ಯದ ಅಕ್ಷರ ಮಲಯಾಳಿಗಳು ನಾಲಿಗೆ ಮಡಚಿ ಹೇಳುವ ೞ. ಜಗಳಗಂಟನಿಗೆ ವೞಕ್ಕಾಳಿ ಅನ್ನುತ್ತಾರೆ. ಮುದಲ್ ಇರುವವನು ಮುದಲಾಳಿ, ತೊೞಿಲ್ ಇರುವವನು ತೊೞಿಲಾಳಿ, ವೞಕ್ಕ್ ಇರುವವನು ವೞಕ್ಕಾಳಿ. ಜಗಳವೇ ಬಂಡವಾಳ ಅನ್ನಿ. ತಮಿಳಿನಲ್ಲಿ ವೞಕ್ಕು ಅಂದರೆ ಕೋರ್ಟಿನ ಕೇಸು. ಆದರೆ ಅದರ ಹಳೆಯ ಅರ್ಥ ರೂಢಿ, ನಡೆದುಬಂದ ಬಳಕೆ. ಜನ ಹೇಗೆ ಮಾತಾಡುತ್ತಾರೋ ಅದಕ್ಕೂ ತಮಿಳಿನವರು ವೞಕ್ಕು ಅನ್ನುತ್ತಾರೆ. ರೂಢಿ ಏನು ಅಂತ ಕೇಳಲು ಹೋದಲ್ಲಿ ಕೇಸಾಯಿತು, ಕೇಸಾದಲ್ಲಿ ಜಗಳವಾಯಿತು. ನಮ್ಮ ವ್ಯವಹಾರವೂ ಧರ್ಮಶಾಸ್ತ್ರದವರ ಕೈಯಲ್ಲಿ ನ್ಯಾಯಾಲಯದ ದಾವೆಯೇ ಆಗಿತ್ತು.

ಕನ್ನಡದಲ್ಲಿ ಈ ವೞಕ್ಕಿನ ಒಡಹುಟ್ಟು ಯಾವುದು ಗೊತ್ತುಂಟಾ? ಬಳಕೆ. ಹಳಗನ್ನಡದಲ್ಲಿ ಬೞಕೆ, ಅದೇ ೞ. ಅವರ ವ ನಮ್ಮಲ್ಲಿ ಬ ಆಗುವುದು ಹೊಸದಲ್ಲ, ಅವರ ವಳ ನಮ್ಮ ಬಳೆ, ಅವರ ವೇರ್ ನಮ್ಮ ಬೇರು. ಒಂದೇ ತಾಯಿಯ ಮಕ್ಕಳು. ಚಂದ್ರಗಿರಿ ಹೊಳೆಯ ಆಚೆ ಹೋದವನು ಜಗಳಗಂಟನಾದ, ಈಚೆ ಉಳಿದವನು ಸಂಭಾವಿತನಾದ.

ಹೊಳೆಯ ಹೆಸರು ಸುಮ್ನೆ ಎತ್ತಿದ್ದಲ್ಲ. ರಾಜ್ಯಗಳ ಗಡಿಜಗಳ ನೋಡಲು 1966ರಲ್ಲಿ ನೇಮಿಸಿದ ಮಹಾಜನ್ ಆಯೋಗ ಮರುವರ್ಷ ವರದಿ ಕೊಟ್ಟಾಗ ಚಂದ್ರಗಿರಿಯ ಬಡಗಿನ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಅಂದಿತ್ತು. ಅದು ಆಗಲಿಲ್ಲ. ಅದರ ಬಗ್ಗೆ ಹೇಳಬೇಕಾದವರೆಲ್ಲ ಹೇಳಿ ಆಗಿದೆ, ನಾನು ಹೊಸದಾಗಿ ಸೇರಿಸುವುದಿಲ್ಲ. ನನಗೆ ಬೇಕಾದ್ದು ದೊಡ್ಡಪ್ಪನ ವಿಷಯ. ಮರದ ಜಗಳ ಬಿಟ್ಟರೆ ಅವರ ಇನ್ನೊಂದು ತಕರಾರು ಇದ್ದದ್ದು ಸರಕಾರದ ಹತ್ತಿರ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ ಕನ್ನಡ, ತಮಿಳು ಅಲ್ಪಸಂಖ್ಯಾತರು ಸರಕಾರದ ಜೊತೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಬಹುದು ಅಂತ ಇದೆ. ದೊಡ್ಡಪ್ಪನಿಗೆ ಆ ಕಲಮು ಬಾಯಿಪಾಠ. ಯಾವ ಕಚೇರಿಗೆ ಹೋದರೂ ಮೊದಲ ಪ್ರಶ್ನೆ, "ಕನ್ನಡದ ಫಾರಂ ಉಂಟಾ?"

ಒಮ್ಮೆ ನಾನೂ ಜೊತೆಗಿದ್ದೆ. ಕಚೇರಿಯ ಹೆಸರು ಬೇಡ. ಕೌಂಟರಿನಲ್ಲಿದ್ದ ಹುಡುಗ ತೆಂಕಣ ಕೇರಳದವನು, ಕೆಲಸಕ್ಕೆ ಹೊಸಬ, ಹಿಂದೆ ಉದ್ದ ಸಾಲು. ದೊಡ್ಡಪ್ಪನಿಗೆ ಮಲಯಾಳ ಚೆನ್ನಾಗಿ ಬರುತ್ತಿತ್ತು. ಬೇಕೆಂದೇ ಕನ್ನಡದಲ್ಲಿ ಕೇಳಿದರು. ಹುಡುಗ ಇಲ್ಲ ಅಂದ. ದೊಡ್ಡಪ್ಪ ಮತ್ತೆ ಕೇಳಿದರು. ಅದೇ ಮಾತು, ಅದೇ ದನಿ. ಮೂರನೆಯ ಸಲಕ್ಕೆ ಹುಡುಗ ಕೈ ಮುಗಿದು, "ವೞಕ್ಕುಂಡಾಕ್ಕಲ್ಲೇ ಚೇಟ್ಟಾ" ಅಂದ. ಜಗಳ ಮಾಡಬೇಡಿ ಅಣ್ಣಾ ಅಂತ. ದೊಡ್ಡಪ್ಪ, "ನಾನು ಕೇಳುವುದು ಬಳಕೆಯ ಮಾತು ಮಗಾ" ಅಂದರು.

ಇಬ್ಬರೂ ಒಂದೇ ಶಬ್ದ ಹೇಳಿದ್ದರು. ಇಬ್ಬರಿಗೂ ಗೊತ್ತಾಗಲಿಲ್ಲ. ನನಗೂ ಆಗ ಗೊತ್ತಿರಲಿಲ್ಲ, ಸಾಲಿನಲ್ಲಿ ಹಿಂದೆ ನಿಂತವರ ಮುಖ ನೋಡಿ ನಾಚಿಕೆಯಾಗಿ ಹೊರಗೆ ಹೋಗಿ ನಿಂತಿದ್ದೆ.

ಬಹಳ ಸಮಯದ ಮೇಲೆ ಆ ಕಚೇರಿಗೆ ಕನ್ನಡದ ಫಾರಂ ಬಂತು. ದೊಡ್ಡಪ್ಪನಿಂದಲೇ ಬಂತು ಅನ್ನಲಾರೆ, ಕೇಳಿದವರು ಇನ್ನೂ ಎಷ್ಟೋ ಮಂದಿ ಇದ್ದರು. ಅವರು ಒಂದು ಪ್ರತಿ ತಂದು ಜಗಲಿಯಲ್ಲಿ ಕೂತು, ಕನ್ನಡಕ ಹಾಕಿ ಮೇಲಿನಿಂದ ಓದಿದರು. ಮೊದಲ ಸಾಲೇ "ಅಪೇಕ್ಷಾ ಫಾರಂ". ಮಲಯಾಳದಲ್ಲಿ ಅಪೇಕ್ಷ ಅಂದರೆ ಅರ್ಜಿ. ಅನುವಾದ ಮಾಡಿದವರು ಅದನ್ನು ಹಾಗೇ ಕನ್ನಡ ಅಕ್ಷರದಲ್ಲಿ ಇಳಿಸಿದ್ದರು. ಅದರ ಕೆಳಗೆ "ಅಪೇಕ್ಷಕನ ಹೆಸರು".

"ನನ್ನ ಅಪೇಕ್ಷೆ ಏನು ಅಂತ ಕೇಳ್ತಾ ಇದ್ದಾರೆ ನೋಡು ಇವರು" ಅಂದರು ದೊಡ್ಡಪ್ಪ. ಆಮೇಲೆ ನನ್ನ ಕೈಗೆ ಪೆನ್ನು ಕೊಟ್ಟು, "ಬರೆ" ಅಂದರು. ಅಪೇಕ್ಷೆ ಎಂಬುದು ತಪ್ಪು, ಅರ್ಜಿ ಎಂದು ತಿದ್ದಬೇಕು. ಮೇಲಿನ ಸಾಲಿನಲ್ಲಿ ವಿಷಯ ಬರೆಯಬೇಕಲ್ಲ, ಏನು ಬರೆಯಲಿ ಅಂತ ಕೇಳಿದೆ.

"ತಕರಾರು ಅರ್ಜಿ ಅಂತ ಬರೆ. ಮತ್ತೆಂತ?"